ಸಿಡಿಲು ಎಂದು ಬರೆದರೆ ಸಾಲದು

ಒಂದು ಹಳದಿ ಕ್ಯಾಸೆಟ್ಟಿನಿಂದ ಶುರು ಮಾಡುತ್ತೇನೆ. ಅದರ ಮುಖಪುಟದಲ್ಲಿ ಅಮೆರಿಕದ ಸಂಸತ್ ಭವನದ ಗುಮ್ಮಟಕ್ಕೆ ಸಿಡಿಲು ಬಡಿಯುತ್ತಿರುವ ಚಿತ್ರವಿದೆ. ತಂಡದ ಹೆಸರು ಬ್ಯಾಡ್ ಬ್ರೈನ್ಸ್. ವಾಷಿಂಗ್ಟನ್ ಸೀಮೆಯ ನಾಲ್ವರು ಕಪ್ಪು ಹುಡುಗರು. 1982ರಲ್ಲಿ ಇದು ಬಂದದ್ದು ಕ್ಯಾಸೆಟ್ ಆಗಿ ಮಾತ್ರ. ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ, ಹಾಸ್ಟೆಲಿನಲ್ಲಿ ಓದುವ ನಮ್ಮ ಕೇರಿಯ ಹುಡುಗನೊಬ್ಬನ ಮೊಬೈಲಿನಲ್ಲಿ. ಹಾಡು ಶುರುವಾಗಿ ಒಂದೂವರೆ ನಿಮಿಷದಲ್ಲಿ ಮುಗಿದೇ ಹೋಯಿತು. 'ಏನೋ ಇದು, ಹೆಣದ ಮುಂದೆ ತಮಟೆ ಹೊಡೆದಂಗೈತೆ' ಅಂದೆ. 'ಅದಕ್ಕೇ ಅಣ್ಣ ನಿಮಗೆ ಕೇಳಿಸಿದ್ದು' ಅಂದ.

ಆಮೇಲೆ ಈ ವಾಷಿಂಗ್ಟನ್ ಪಂಕ್ ಸಂಗೀತದ ಚರಿತ್ರೆಯನ್ನು ಕೈಗೆ ಸಿಕ್ಕಷ್ಟು ಓದಿದೆ. ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಅಮೆರಿಕದ ಗಿಟಾರ್ ಹುಡುಗರ ಕತೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಓದುತ್ತಾ ಹೋದಂತೆ ನಮ್ಮ ಹಾಡುಗಳ ವಿಷಯದಲ್ಲಿ ನಾವೇ ಮಾಡಿಕೊಂಡ ಒಂದು ತಪ್ಪು ಅಲ್ಲಿ ನಿಚ್ಚಳವಾಗಿ ಕಂಡಿತು.

ಪಂಕ್ ಎಂಬ ಮಾತೇ ಒಂದು ಬೈಗುಳ. ಕೆಲಸಕ್ಕೆ ಬಾರದವನು, ಪುಂಡ, ಪೋಕರಿ ಎಂಬ ಅರ್ಥ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್, ಲಂಡನ್ನುಗಳ ಯುವಕರು ಆ ಬೈಗುಳವನ್ನು ತಮ್ಮ ಸಂಗೀತದ ಹೆಸರಾಗಿ ಎತ್ತಿಕೊಂಡರು. ಮೂರು ಪಟ್ಟು, ಜೋರು ಸದ್ದು, ದೊಡ್ಡ ಕಂಪನಿಗಳ ಹಂಗಿಲ್ಲದ ಧಿಮಾಕು. ಅದೇ ಹೊತ್ತಿಗೆ, 1975ರಲ್ಲಿ, ಇಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು. ಅದರ ಹೆಸರು 'ಹೊಲೆಮಾದಿಗರ ಹಾಡು'. ಬೈಗುಳವನ್ನೇ ಎದೆಯ ಮೇಲೆ ಹಚ್ಚಿಕೊಳ್ಳುವ ಈ ಎರಡು ಕ್ರಿಯೆಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಆದರೆ ಒಂದಲ್ಲ. ಲಂಡನ್ನಿನ ಬಿಳಿಯ ಹುಡುಗ ಕೂದಲಿಗೆ ಹಚ್ಚಿದ ಬಣ್ಣ ತೊಳೆದುಕೊಂಡು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬಹುದು. ಹೊಲೆಮಾದಿಗ ಎಂಬುದನ್ನು ತೊಳೆಯುವ ಸೋಪು ಇನ್ನೂ ಬಂದಿಲ್ಲ. ತಾನಾಗಿ ಆರಿಸಿಕೊಂಡ ಅವಮಾನ, ಹುಟ್ಟಿನಿಂದ ಹೊತ್ತ ಅವಮಾನ ಇವೆರಡರ ವ್ಯತ್ಯಾಸವನ್ನು ಮರೆತರೆ ಪಂಕ್ ಚರಿತ್ರೆ ದಾರಿ ತಪ್ಪುತ್ತದೆ.

ವಾಷಿಂಗ್ಟನ್ನಿನಲ್ಲಿ ಹೀಗೇ ಆಯಿತು. 1970ರ ಜನಗಣತಿಯ ಪ್ರಕಾರ ಆ ಊರಿನ ನೂರಕ್ಕೆ 71 ಜನ ಕಪ್ಪು ಜನ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಹೊತ್ತಿ ಉರಿದ ಬೀದಿಗಳು ಮುಂದೆ ಎಷ್ಟೋ ವರ್ಷ ಹಾಳು ಸುರಿಯುತ್ತಿದ್ದವು. ಅಂಥ ಊರಿನ ಪಂಕ್ ಚರಿತ್ರೆಯಲ್ಲಿ ಮಾತ್ರ ಹೆಚ್ಚಾಗಿ ಕಾಣುವುದು ಬಿಳಿ ಮುಖಗಳು.

ಆ ಬಿಳಿಯ ಹುಡುಗರು ಮಾಡಿದ ಕೆಲಸವನ್ನು ನಾನು ಸಣ್ಣದು ಮಾಡಲಾರೆ. 1980ರಲ್ಲಿ ಇಯಾನ್ ಮೆಕೈ, ಜೆಫ್ ನೆಲ್ಸನ್ ಮತ್ತು ಅವರ ಗೆಳೆಯರು ತಮ್ಮ ಟೀನ್ ಐಡಲ್ಸ್ ತಂಡ ಹಾಡಿ ಕೂಡಿಟ್ಟ ದುಡ್ಡಿನಲ್ಲೇ ಒಂದು ಪುಟ್ಟ ರೆಕಾರ್ಡು ತಂದರು. ಅದಕ್ಕಾಗಿ ಡಿಸ್ಕಾರ್ಡ್ ಎಂಬ ಸ್ವಂತ ಲೇಬಲ್ ಹುಟ್ಟಿಕೊಂಡಿತು. ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟು ಹಚ್ಚಿದರು. ಇಂಥ ಸಣ್ಣ ಪತ್ರಿಕೆಗಳ ಹಾಳೆ ಮಡಿಸಿ ಪಿನ್ನು ಹೊಡೆದ ನಮ್ಮಂಥವರಿಗೆ ಆ ಸುಖ ಏನೆಂದು ಹೇಳಿಕೊಡಬೇಕಿಲ್ಲ. 1988ರಲ್ಲಿ ಸಿಂಥಿಯಾ ಕಾನೊಲಿ, ಲೆಸ್ಲಿ ಕ್ಲೇಗ್, ಶರನ್ ಚೆಸ್ಲೊ ಎಂಬ ಮೂವರು ಹೆಣ್ಣುಮಕ್ಕಳು ಯಾವ ವಿಶ್ವವಿದ್ಯಾಲಯಕ್ಕೂ ಕಾಯದೆ 1979ರಿಂದ 85ರವರೆಗಿನ ಫೋಟೋಗಳನ್ನೂ ಭಾಗವಹಿಸಿದವರ ನೆನಪುಗಳನ್ನೂ ಕೂಡಿಸಿ ಪುಸ್ತಕ ತಂದರು. 2001ರಲ್ಲಿ ಮಾರ್ಕ್ ಆಂಡರ್ಸನ್ ಮತ್ತು ಮಾರ್ಕ್ ಜೆಂಕಿನ್ಸ್ ಬರೆದ ದಪ್ಪ ಚರಿತ್ರೆ ಬಂತು. 2014ರಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯವೇ ಪಂಕ್ ಸಂಗ್ರಹವನ್ನು ತೆರೆಯಿತು. ಗೋಡೆಗೆ ಅಂಟಿಸಿದ್ದ ಪೋಸ್ಟರು, ಕೈಬರಹದ ಪತ್ರಿಕೆ, ಕ್ಯಾಸೆಟ್ಟು ಎಲ್ಲಕ್ಕೂ ಅಲ್ಲಿ ಜಾಗ.

ಇಷ್ಟೆಲ್ಲ ಉಳಿದದ್ದು ಹೇಗೆ? ಇಡಲು ಮನೆ ಇತ್ತು. ಮೆಕೈಯ ತಂದೆ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಪತ್ರಕರ್ತ. ಕಾಗದದ ಬೆಲೆ ಗೊತ್ತಿದ್ದ ಮನೆ, ಪೆಟ್ಟಿಗೆ ಇಡಲು ನೆಲಮಾಳಿಗೆ, ಕತ್ತಿನಲ್ಲಿ ಕ್ಯಾಮರಾ ಹಾಕಿಕೊಂಡ ಗೆಳೆಯರು. ಇದು ತಪ್ಪೇನಲ್ಲ. ಆದರೆ ಚರಿತ್ರೆ ಬರೆಯುವವನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಉಳಿದಿರುವುದೇ ನಡೆದದ್ದು ಎಂಬ ಭ್ರಮೆ ಹುಟ್ಟುತ್ತದೆ.

ಆ 1988ರ ಫೋಟೋ ಪುಸ್ತಕದ ಹೆಸರೇ ನೋಡಿ: 'ಬ್ಯಾನ್ಡ್ ಇನ್ ಡಿಸಿ'. ಇದು ಬ್ಯಾಡ್ ಬ್ರೈನ್ಸ್ ತಂಡದ ಹಾಡಿನ ಹೆಸರು. ಊರಿನ ಕ್ಲಬ್ಬುಗಳು ತಮಗೆ ಬಾಗಿಲು ಹಾಕಿದ್ದನ್ನು ಕುರಿತು ಅವರು ಕಟ್ಟಿದ ಹಾಡು. ತಂಡ 1980ರ ದಶಕದ ಆರಂಭದಲ್ಲೇ ನ್ಯೂಯಾರ್ಕಿಗೆ ಹೊರಟುಹೋಯಿತು. ಊರು ಬಿಟ್ಟವರ ಹಾಡು ಊರಲ್ಲಿ ಉಳಿದವರ ಚರಿತ್ರೆಗೆ ಶಿರೋನಾಮೆಯಾಯಿತು!

ಈ ನಾಲ್ವರ ಬಗ್ಗೆ ಬರೆದವರೆಲ್ಲ ಹೊಗಳಿದ್ದಾರೆ. ಅವರನ್ನು ನೋಡಿಯೇ ನಾವು ಕಲಿತೆವು ಎಂದು ಮೆಕೈ ಕೂಡ ಮುಚ್ಚುಮರೆಯಿಲ್ಲದೆ ಹೇಳುತ್ತಾ ಬಂದಿದ್ದಾರೆ. ನನ್ನ ತಕರಾರು ಹೊಗಳಿಕೆಯ ಭಾಷೆಯದು. ಸಿಡಿಲು, ಬಿರುಗಾಳಿ, ಸ್ಫೋಟ, ಪ್ರಕೃತಿಯ ಶಕ್ತಿ! ಬಿಳಿಯ ಹುಡುಗರ ಬಗ್ಗೆಯಾದರೆ ಯಾವ ಶಾಲೆ, ಯಾವ ಬೀದಿ, ಮೊದಲ ಗಿಟಾರ್ ಹೇಗೆ ಸಿಕ್ಕಿತು, ಎಲ್ಲ ವಿವರವಾಗಿ ಬರುತ್ತದೆ. ಕಪ್ಪು ತಂಡ ಮಾತ್ರ ಆಕಾಶದಿಂದ ಬಿತ್ತು. ಆದರೆ ಅವರು ಪಂಕ್ ಶುರು ಮಾಡುವ ಮೊದಲು ಮೈಂಡ್ ಪವರ್ ಎಂಬ ಹೆಸರಿನಲ್ಲಿ ಜಾಝ್ ಫ್ಯೂಷನ್ ನುಡಿಸುತ್ತಿದ್ದವರು. ಲೆಕ್ಕ ತಪ್ಪಿದರೆ ಕುಸಿದುಬೀಳುವ ಕಷ್ಟದ ಸಂಗೀತ ಅದು. ಅಷ್ಟು ವೇಗದಲ್ಲಿ ನಾಲ್ಕು ಜನ ಒಟ್ಟಿಗೆ ನಿಂತು, ಒಟ್ಟಿಗೆ ಹೊರಳಲು ಸಿಟ್ಟು ಸಾಕಾಗುವುದಿಲ್ಲ. ಅದಕ್ಕೆ ರಿಯಾಜು ಬೇಕು.

ಇದನ್ನು ಓದುವಾಗ ನಮ್ಮ ನವ್ಯ ವಿಮರ್ಶಕರು ನೆನಪಾದರು. ದಲಿತ ಕಾವ್ಯ ಬಂದಾಗ 'ಹಸಿ ಆಕ್ರೋಶ' ಅಂದರಲ್ಲ, ಅದೇ ಇದು. ಮೆಚ್ಚಿದವರೂ ಅದನ್ನೇ ಅಂದರು, ಮೂಗು ಮುರಿದವರೂ ಅದನ್ನೇ ಅಂದರು. ಆಕ್ರೋಶ ಎಂದಮೇಲೆ ಲಯದ ಬಗ್ಗೆ ಮಾತಾಡಬೇಕಾಗಿಲ್ಲ, ಪರಂಪರೆಯ ಬಗ್ಗೆ ಮಾತಾಡಬೇಕಾಗಿಲ್ಲ. ಸಿಡಿಲಿಗೆ ಗುರುವೂ ಇಲ್ಲ, ಅಭ್ಯಾಸವೂ ಇಲ್ಲ.

ಇನ್ನೊಂದು ಹಾಡಿನ ವಿಚಾರ ಹೇಳಲೇಬೇಕು. ಮೆಕೈಯ ಮುಂದಿನ ತಂಡ ಮೈನರ್ ಥ್ರೆಟ್ 1981ರಲ್ಲಿ 'ಗಿಲ್ಟಿ ಆಫ್ ಬೀಯಿಂಗ್ ವೈಟ್' ಎಂಬ ಹಾಡು ತಂದಿತು. ಕಪ್ಪು ವಿದ್ಯಾರ್ಥಿಗಳೇ ಹೆಚ್ಚಿದ್ದ ಶಾಲೆಯಲ್ಲಿ ಓದಿದ ಬಿಳಿಯ ಹುಡುಗನ ಅನುಭವ. ಜನಾಂಗದ್ವೇಷದ ವಿರುದ್ಧವೇ ಬರೆದದ್ದು ಎಂದು ಅವರು ಹೇಳುತ್ತಾರೆ. ನಾನು ನಂಬುತ್ತೇನೆ. ಆದರೆ ಹಿಂದಿನವರು ಮಾಡಿದ ತಪ್ಪಿಗೆ ನಾನೇಕೆ ಹೊಣೆ ಎಂಬ ಈ ಮಾತನ್ನು ಮೀಸಲಾತಿಯ ಚರ್ಚೆ ಬಂದಾಗಲೆಲ್ಲ ಕಾಲೇಜಿನ ಕ್ಯಾಂಟೀನುಗಳಲ್ಲಿ ನಾವು ಕೇಳಿಲ್ಲವೇ? ತರಗತಿಯಲ್ಲಿ ಅಲ್ಪಸಂಖ್ಯಾತನಾಗುವುದು ಒಂದು, ದೇಶದಲ್ಲಿ ಅಧಿಕಾರವಿಲ್ಲದವನಾಗುವುದು ಇನ್ನೊಂದು. ಪ್ರಾಮಾಣಿಕನಾದ ಹತ್ತೊಂಬತ್ತರ ಹುಡುಗನಿಗೆ ಈ ಗೆರೆ ಕಾಣಲಿಲ್ಲ ಎಂಬುದನ್ನು ಕ್ಷಮಿಸಬಹುದು. ಅವನ ಚರಿತ್ರೆಕಾರರಿಗೂ ಕಾಣದಿದ್ದರೆ ಹೇಗೆ?

ಹಾಗೆಂದು ಬ್ಯಾಡ್ ಬ್ರೈನ್ಸ್‌ಗೆ ಪೂಜೆ ಮಾಡಬೇಕಿಲ್ಲ. ರಾಸ್ತಫಾರಿ ಧರ್ಮಕ್ಕೆ ಹೊರಳಿದ ಅವರು 1982ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ, ಸಲಿಂಗಪ್ರೇಮಿ ಗಾಯಕನಿದ್ದ ಬಿಗ್ ಬಾಯ್ಸ್ ತಂಡದೊಂದಿಗೆ ಅತ್ಯಂತ ಹೀನಾಯವಾಗಿ ನಡೆದುಕೊಂಡರು. ತುಳಿಸಿಕೊಂಡವರು ಇನ್ನೊಬ್ಬರನ್ನು ತುಳಿಯಲಾರರು ಎಂದು ನಂಬಲು ನಾವೇನು ನಿನ್ನೆ ಹುಟ್ಟಿದವರಲ್ಲ. ಇದನ್ನೂ ಬರೆದಿಡಬೇಕು.

ಅದೇ ಊರಿನಲ್ಲಿ ಅದೇ ಕಾಲದಲ್ಲಿ ಇನ್ನೂ ದೊಡ್ಡ ಸದ್ದೊಂದಿತ್ತು, ಗೋ-ಗೋ. ಚಕ್ ಬ್ರೌನ್ ಕಟ್ಟಿ ಬೆಳೆಸಿದ, ಕಪ್ಪು ಜನರ ಕುಣಿತದ ಸಂಗೀತ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ತಾಳ ನಿಲ್ಲುವುದೇ ಇಲ್ಲ. ಕೋಂಗಾ ಡ್ರಮ್ಮುಗಳು ನುಡಿಯುತ್ತಲೇ ಇರುತ್ತವೆ, ಹಾಡುವವನು ಮುಂದೆ ನಿಂತವರ ಹೆಸರು, ಬೀದಿಯ ಹೆಸರು ಕೂಗುತ್ತಾನೆ. ನಮ್ಮ ಮಾರಿಹಬ್ಬದ ರಾತ್ರಿ ಕಂಡವರಿಗೆ ಇದು ಅರ್ಥವಾಗುತ್ತದೆ. ಆ ರಾತ್ರಿಗಳ ಧ್ವನಿಮುದ್ರಣಗಳು ಕ್ಯಾಸೆಟ್ಟುಗಳಾಗಿ ಬೀದಿಯಲ್ಲೇ ಮಾರಾಟವಾಗುತ್ತಿದ್ದವು. ಅವರ ದಾಖಲೆ ಕೇಳುಗರ ಮನೆಯ ಡಬ್ಬಿಗಳಲ್ಲಿತ್ತು. 1983ರ ಸೆಪ್ಟೆಂಬರಿನಲ್ಲಿ ಮೈನರ್ ಥ್ರೆಟ್ ತನ್ನ ಕೊನೆಯ ಪ್ರದರ್ಶನ ಕೊಟ್ಟಾಗ ಅದೇ ವೇದಿಕೆಯಲ್ಲಿ ಟ್ರಬಲ್ ಫಂಕ್ ಎಂಬ ಗೋ-ಗೋ ತಂಡವೂ ನುಡಿಸಿತು. ಪಂಕ್ ಚರಿತ್ರೆಯಲ್ಲಿ ಆ ರಾತ್ರಿ ಮೈನರ್ ಥ್ರೆಟ್ ತಂಡದ ಕೊನೆ ಎಂದೇ ದಾಖಲಾಗಿದೆ. ಟ್ರಬಲ್ ಫಂಕ್ ಕಡೆಯಿಂದ ನೋಡಿದರೆ ಅದು ಇನ್ನೊಂದು ರಾತ್ರಿ ಅಷ್ಟೆ.

ಈ ಗೋ-ಗೋಗೆ ಮುಂದೆ ಏನಾಯಿತು? 2019ರಲ್ಲಿ ಶಾ ಎಂಬ ಬಡಾವಣೆಯ ಫೋನ್ ಅಂಗಡಿಯೊಂದರ ಮುಂದೆ ವರ್ಷಗಳಿಂದ ಕೇಳಿಸುತ್ತಿದ್ದ ಗೋ-ಗೋ ಹಾಡನ್ನು, ಹೊಸದಾಗಿ ಬಂದ ಅಪಾರ್ಟ್‌ಮೆಂಟಿನವರ ದೂರಿನಿಂದಾಗಿ ನಿಲ್ಲಿಸಬೇಕಾಯಿತು. ಜನ ಬೀದಿಗಿಳಿದರು, ಸದ್ದು ವಾಪಸು ಬಂತು. 2020ರಲ್ಲಿ ಗೋ-ಗೋ ಆ ನಗರದ ಅಧಿಕೃತ ಸಂಗೀತವೆಂದು ಕಾನೂನೇ ಆಯಿತು. ಅಷ್ಟು ಹೊತ್ತಿಗೆ ಕಪ್ಪು ಜನ ಆ ಊರಿನಲ್ಲಿ ಅರ್ಧಕ್ಕಿಂತ ಕಡಿಮೆಯಾಗಿದ್ದರು.

ಈಗ ನಮ್ಮ ಕಡೆಗೆ ಬರುತ್ತೇನೆ. ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ನಾನು ಹಾಡಿದವನು. ಹತ್ತಾರು ಊರಿನ ಹಾಡು ಬರೆದುಕೊಂಡ ಒಂದು ನೋಟ್‌ಬುಕ್ ಇತ್ತು, ಸೋರುವ ಮಾಳಿಗೆಯಲ್ಲಿ ಗೆದ್ದಲು ತಿಂದಿತು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ಹೋರಾಟದ ಹಾಡುಗಳ ಸಂಗ್ರಹಕ್ಕೆಂದು ಬಂದರು. ಕವಿಯ ಹೆಸರು ಕೇಳಿದರು, ಪಠ್ಯ ಕೇಳಿದರು, ಪಾಠಾಂತರ ಕೇಳಿದರು. ತಮಟೆ ಯಾರು ಹೊಡೆಯುತ್ತಿದ್ದರು ಎಂದು ಕೇಳಲಿಲ್ಲ. ಅವರನ್ನು ಯಾಕೆ ಬೈಯಲಿ, ನಾನೂ ಹೇಳಲಿಲ್ಲ. ಹಾಡು ಎಂದರೆ ಅಚ್ಚಾದ ಸಾಲು ಎಂದು ನನಗೂ ಒಳಗೊಳಗೇ ಅನ್ನಿಸಿಬಿಟ್ಟಿತ್ತು. ಕವಿಗಳ ಹೆಸರು ಉಳಿದಿವೆ, ಉಳಿಯಲೇಬೇಕು. ಆದರೆ ಆ ಸಾಲುಗಳು ಅಕ್ಷರ ಬಾರದವರ ಬಾಯಿಗೆ ಹತ್ತಿದ್ದು ಯಾವ ಗತ್ತಿನಲ್ಲಿ? ಯಾವ ಊರಿನಲ್ಲಿ ಯಾವ ಮಾತು ಬದಲಾಯಿತು? ಹಿಮ್ಮೇಳಕ್ಕೆ ನಿಂತ ಹೆಣ್ಣುಮಕ್ಕಳು ಯಾರು, ಮದುವೆಯಾದ ಮೇಲೆ ಅವರ ಹಾಡು ಎಲ್ಲಿಗೆ ಹೋಯಿತು? ಊರಿನವರ ಹೆಣಕ್ಕೆ, ಹಬ್ಬಕ್ಕೆ ಬಿಟ್ಟಿಯಾಗಿ ಹೊಡೆಯಬೇಕಿದ್ದ ಅದೇ ತಮಟೆಯನ್ನು ಜಾಥಾದ ಮುಂದೆ ಹೊಡೆದಾಗ ಕೈಯಲ್ಲಿ ಏನಾದರೂ ಬದಲಾಯಿತೆ? ಇದಕ್ಕೆಲ್ಲ ಉತ್ತರ ಪುಸ್ತಕದಲ್ಲಿಲ್ಲ.

ನಮ್ಮ ಚಿಕ್ಕಪ್ಪ ಆ ಜಾಥಾಗಳಿಗೆ ತಮಟೆ ಹೊಡೆದವರು. ಈಗ ಎಂಬತ್ತರ ಹತ್ತಿರ. ಹೋದ ತಿಂಗಳು ಆ ಹಾಸ್ಟೆಲ್ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಅಟ್ಟದಿಂದ ತಮಟೆ ಇಳಿಸಿ, ಹುಲ್ಲು ಹೊತ್ತಿಸಿ ಚರ್ಮ ಕಾಯಿಸಿದರು. ಹುಡುಗ ಮೊಬೈಲ್ ಹಿಡಿದು ನಿಂತ. ಚಿಕ್ಕಪ್ಪ ಬೆರಳಿನಿಂದ ತಟ್ಟಿ ನೋಡಿ, ಇನ್ನೂ ಸರಿಯಿಲ್ಲವೆಂದು ಮತ್ತೆ ಬೆಂಕಿಗೆ ಹಿಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: 'ಯಾವುದ್ ಹೊಡೀಲಿ ಮಗ? ಸಾವಿಂದಾ, ಮಾರಮ್ಮುಂದಾ, ನಿಮ್ಮ ಜಾಥಾದ್ದಾ? ಮೂರೂ ಬ್ಯಾರೆ ಬ್ಯಾರೆ ಕಣಪ್ಪ.'

ಮೂರನ್ನೂ ಹೊಡೆಯಲು ಹೇಳಿದೆ. ಒಟ್ಟು ನಲವತ್ತು ನಿಮಿಷ ಆಯಿತು.