ಗಟ್ಟಿಗನ ಒಳಗಿನ ಮಗು

ಜಪಾನಿನ ಆನಿಮೆ ಚಿತ್ರಗಳ ಮೇಲೆ ನಮ್ಮ ಹಿರಿಯರದು ಎರಡು ದೂರು. ಒಂದು, ಅವುಗಳಲ್ಲಿ ಬರೀ ಹೊಡೆದಾಟ. ಇನ್ನೊಂದು, ಹೊಡೆದಾಡುವವನ ಮುಖ ಹಾಲುಗಲ್ಲದ ಹುಡುಗನದು. ಮುಖ ತುಂಬುವ ಕಣ್ಣು, ಎಷ್ಟು ಉಂಡರೂ ತೀರದ ಹಸಿವು, ಕಪಟವರಿಯದ ಮಾತು. ಆದರೆ ಏಟು ಮಾತ್ರ ಬಂಡೆ ಒಡೆಯುವಂಥದು. ಈ ಎರಡು ಗುಣ ಒಬ್ಬನಲ್ಲೇ ಹೇಗೆ ಕೂಡಿ ಬಾಳುತ್ತವೆ? ಸೇಲಂ–ಧರ್ಮಪುರಿ ಸೀಮೆಯ ಕನ್ನಡ ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಇವನ್ನು ನೋಡುತ್ತ ಬಂದ ನನಗೆ ಇದು ಮಕ್ಕಳಾಟದ ಪ್ರಶ್ನೆ ಎನಿಸಲಿಲ್ಲ.

ಕಾಸರಗೋಡಿನ ಓದುಗರಿಗೆ ಈ ಕೂಡಿಕೆ ಹೊಸದಲ್ಲ. ತೆಂಕುತಿಟ್ಟಿನ ಪುಂಡುವೇಷವನ್ನು ಕಂಡವರು ನೀವು. ಅಭಿಮನ್ಯು ರಂಗಸ್ಥಳದಲ್ಲಿ ಧೀಂಗಿಣ ಹಾಕುವಾಗ ಅದು ಹುಡುಗಾಟವೋ ಯುದ್ಧವೋ ಎಂದು ಬಿಡಿಸಿ ಹೇಳಲಾಗದು. ಆದರೆ ನಾವು ಚಪ್ಪಾಳೆ ತಟ್ಟುವಾಗ ಒಂದು ಸಂಗತಿ ಮರೆತುಬಿಡುತ್ತೇವೆ. ಅರ್ಜುನ ಸಂಶಪ್ತಕರ ಬೆನ್ನುಹತ್ತಿ ದೂರ ಹೋಗಿದ್ದಾನೆ. ಹೊಕ್ಕಲು ಬಲ್ಲ, ಹೊರಬರಲು ಅರಿಯದ ಹುಡುಗನನ್ನು ಚಕ್ರವ್ಯೂಹಕ್ಕೆ ಕಳುಹಿಸಿದವನು ದೊಡ್ಡಪ್ಪನಾದ ಧರ್ಮರಾಯ. ಹುಡುಗನ ಕೆಚ್ಚು ಎಷ್ಟು ಚೆಲುವೋ, ಹಿರಿಯರ ನಡತೆ ಅಷ್ಟೇ ಪ್ರಶ್ನಾರ್ಹ. ಗಟ್ಟಿತನ, ಮಗುತನಗಳ ಈ ಜೋಡಿಯನ್ನು ಅಳೆಯಲು ಇದೇ ತಕ್ಕ ಕೋಲು ಎಂದು ನನ್ನ ಎಣಿಕೆ. ಮಗುವಿನ ಮೇಲೆ ಗಟ್ಟಿತನವನ್ನು ಹೊರಿಸಿದವರು ಯಾರು ಎಂದು ಕೃತಿ ಕೇಳುತ್ತದೆಯೇ, ಇಲ್ಲವೇ?

ಆನಿಮೆ ಮೊದಮೊದಲು ಇದನ್ನು ಕೇಳಿತ್ತು. ಒಸಾಮು ತೆಜುಕಾ ರೂಪಿಸಿದ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಜಪಾನಿನ ಟಿ.ವಿ.ಯಲ್ಲಿ ಆರಂಭವಾಯಿತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿ ಅವನದೇ ರೂಪದ ಯಂತ್ರಬಾಲಕನನ್ನು ಕಟ್ಟುತ್ತಾನೆ. ಅದರ ಬಲ ಒಂದು ಲಕ್ಷ ಅಶ್ವಶಕ್ತಿ. ಆದರೆ ಯಂತ್ರ ಬೆಳೆಯುವುದಿಲ್ಲ. ಬೆಳೆಯದ ಮಗ ಬೇಡವೆಂದು ತಂದೆ ಅವನನ್ನು ಸರ್ಕಸ್ಸಿಗೆ ಮಾರುತ್ತಾನೆ. ಅಲ್ಲಿಂದ ಮುಂದೆ ಆ ಹುಡುಗ ಎಷ್ಟು ಶತ್ರುಗಳನ್ನು ಗೆದ್ದರೂ ನಮ್ಮ ಮನಸ್ಸಿನಲ್ಲಿ ಉಳಿಯುವುದು ಮಾರಾಟವಾದ ಮಗುವೇ.

ಅಕಿರಾ ತೊರಿಯಾಮಾ 1984ರಲ್ಲಿ ಬರೆಯತೊಡಗಿದ ‘ಡ್ರ್ಯಾಗನ್ ಬಾಲ್’ ಕಥೆಯ ಗೋಕು ಇನ್ನೊಂದು ಬಗೆ. ಕಾಡುಗುಡ್ಡದಲ್ಲಿ ಒಂಟಿಯಾಗಿ ಬೆಳೆದ, ಬಾಲವಿರುವ ಹುಡುಗ. ಮನಸ್ಸು ನಿರ್ಮಲವಾದವರನ್ನು ಮಾತ್ರ ಹೊರುವ ಮೋಡವೊಂದು ಅವನ ವಾಹನ; ಅದನ್ನು ಕೊಟ್ಟ ಮುದಿ ಗುರುವೇ ಹತ್ತಹೋಗಿ ಕೆಳಗೆ ಬೀಳುತ್ತಾನೆ. ಇಲ್ಲಿ ಮಗುತನವೇ ಬಲದ ಬೇರು. ಆದರೆ ಗೋಕು ಬೆಳೆದು ತಂದೆಯಾದ ಮೇಲೆ ಈ ಚೆಲುವಿಗೆ ಕಹಿ ಬೆರೆಯುತ್ತದೆ. ಮುಂದಿನ ಭಾಗದಲ್ಲಿ, ಸೆಲ್ ಎಂಬ ವೈರಿಯ ಎದುರು ಅವನು ತನ್ನ ಎಳೆಯ ಮಗ ಗೋಹಾನನನ್ನು ನಿಲ್ಲಿಸುತ್ತಾನೆ; ಹೋರಾಟ ಸರಿಸಮನಾಗಿರಲೆಂದು ವೈರಿಗೆ ಬಳಲಿಕೆ ನೀಗುವ ಬೀಜವನ್ನೂ ಕೊಡುತ್ತಾನೆ. ತನಗೆ ಹೊಡೆದಾಟ ಆಟವಾದ್ದರಿಂದ ಮಗನಿಗೂ ಹಾಗೆಯೇ ಎಂದು ಅವನ ನಂಬಿಕೆ. ಆಗ ಗದರಿಸುವವನು ಹಿಂದೆ ಶತ್ರುವಾಗಿದ್ದ ಪಿಕ್ಕೊಲೋ: ಅವನಿಗೆ ಕಾದಾಟ ಇಷ್ಟವಿಲ್ಲ, ಅಪ್ಪ ಯಾಕೆ ನನ್ನನ್ನು ಕಾಪಾಡುತ್ತಿಲ್ಲ ಎಂದು ಆ ಮಗು ಯೋಚಿಸುತ್ತಿದೆ, ಎಂಬುದು ಅವನ ಮಾತಿನ ಸಾರ. ಮಗುವಿನಂಥ ತಂದೆಗೆ ಎದುರಿಗಿದ್ದ ನಿಜವಾದ ಮಗು ಕಾಣಲಿಲ್ಲ. ಇಡೀ ಕಥೆಯಲ್ಲಿ ನಾನು ಬಹುವಾಗಿ ಮೆಚ್ಚುವ ಗಳಿಗೆ ಇದು. ಆದರೆ ಕೊನೆಗೆ ಗೋಹಾನನೇ ಗೆಲ್ಲುವುದರಿಂದ ಆ ಪ್ರಶ್ನೆ ಗೆಲುವಿನ ಗದ್ದಲದಲ್ಲಿ ಅಡಗಿಹೋಗುತ್ತದೆ. ಕಥೆ ತಾನೇ ಎತ್ತಿದ ಮಾತನ್ನು ಅರ್ಧಕ್ಕೆ ಬಿಟ್ಟಿತು ಎನ್ನಬೇಕು.

ನಮ್ಮ ಸೀಮೆಯ ಗಟ್ಟಿಗ ಮಾದಪ್ಪ. ಮೆಟ್ಟೂರಿನಿಂದ ಕೊಳತ್ತೂರು, ಪಾಲಾರು ದಾಟಿದರೆ ಅವನ ಮಲೆ. ಕಂಸಾಳೆಯವರು ಸಾಲು ಸಾಲಾಗಿ ಹಾಡುವ, ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಆ ಕಾವ್ಯದಲ್ಲಿ ಮಾದಪ್ಪ ಹುಲಿಯನ್ನೇರುವವನು, ಶ್ರವಣದೊರೆಯನ್ನು ಕೊಂದವನು, ಆಲಂಬಾಡಿಯ ಜುಂಜೇಗೌಡನಂಥ ಸಿರಿವಂತನನ್ನು ಕಾಡಿ ಒಲಿಸಿಕೊಂಡವನು. ಹಾಡುಗಾರರ ಬಾಯಲ್ಲಿ ಮಾತ್ರ ಅವನು ಮುದ್ದು ಮಾದೇವ. ಅವನಿಗೂ ಹೊರೆ ಹೊರಿಸಿದವರಿದ್ದರು. ಸುತ್ತೂರು ಮಠದಲ್ಲಿ ಅವನ ಪಾಲಿಗೆ ಬಂದದ್ದು ರಾಗಿ ಬೀಸುವ ಕೆಲಸ. ಅಲ್ಲಿ ಬೀಸುಕಲ್ಲಿನ ಮುಂದೆ ಕೂತವನೇ ಮುಂದೆ ಸಂಕಮ್ಮನಿಗೆ ಮಕ್ಕಳ ಫಲ ಕೊಟ್ಟು, ಆ ಕಾರಯ್ಯ ಬಿಲ್ಲಯ್ಯರನ್ನು ತನ್ನ ಸೇವೆಗೆಂದು ಕರೆದುಕೊಳ್ಳುತ್ತಾನೆ. ಕಾವ್ಯ ಇದನ್ನು ಮುಚ್ಚಿಡುವುದಿಲ್ಲ. ಮುದ್ದು ಎಂದು ಕರೆಯುತ್ತಲೇ ತಾಯಿಯ ಸಂಕಟವನ್ನೂ ಹಾಡುತ್ತದೆ. ಗೆಲುವಿನಲ್ಲಿ ನೋವನ್ನು ಕರಗಿಸದ ಈ ಧೈರ್ಯದಲ್ಲಿ ನಮ್ಮ ಜನಪದ ಕವಿಗಳು ತೊರಿಯಾಮಾನಿಗಿಂತ ಒಂದು ಹೆಜ್ಜೆ ಮುಂದೆ ಎಂದೇ ನನ್ನ ಅಭಿಪ್ರಾಯ.

ಈ ಮಾತು ನಮ್ಮ ಮನೆಗಳಿಗೂ ಸಂಬಂಧಿಸಿದ್ದು. 2006ರ ಕಾನೂನಿನಂತೆ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಮೊದಲ್ಗೊಂಡು ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ನಿಮ್ಮ ಕೇರಳದಲ್ಲಿ 2017ರ ಮಲಯಾಳ ಕಲಿಕೆಯ ಕಾನೂನು ಬಂತು. ಆ ಭಾಷೆಗಳ ಮೇಲೆ ನನ್ನ ತಕರಾರಿಲ್ಲ. ಅವು ನಮ್ಮ ನೆರೆಯ ಭಾಷೆಗಳು, ಅನ್ನದ ಭಾಷೆಗಳು. ನನ್ನ ಚಿಂತೆ ನಮ್ಮ ಹೆಮ್ಮೆಯ ಮೇಲೆ. ಆರು ವರ್ಷದ ಕೂಸು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು ಎಂದು ಮೂರು ಕಡೆ ಕಾದಾಡಿ ಬರುತ್ತದೆ. ನಾವು ನೆಂಟರ ಮುಂದೆ ‘ನಮ್ಮ ಮಗು ಬಲು ಗಟ್ಟಿ’ ಎನ್ನುತ್ತೇವೆ. ಗೋಕು ಆಡಿದ ಮಾತೂ ಹೆಚ್ಚು ಕಡಿಮೆ ಅದೇ ಅಲ್ಲವೇ? ಆ ಮಗು ಆಡುವುದು ಯಾವ ಭಾಷೆಯಲ್ಲಿ, ತಂಟೆ ಮಾಡುವುದು ಯಾವ ಭಾಷೆಯಲ್ಲಿ ಎಂದು ನಾವು ಗಮನಿಸಿದ್ದೇವೆಯೇ? ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿರುವುದು ಗದರಿಕೆಗೆ ಮತ್ತು ದೇವರ ಕೋಣೆಗೆ. ಹುಡುಗಾಟವೆಲ್ಲ ಬೇರೆ ನುಡಿಯ ಪಾಲಾಗಿದೆ.

ಆದ್ದರಿಂದ ಟಿ.ವಿ. ಆರಿಸುವ ಮುನ್ನ ಒಂದಿಷ್ಟು ಹೊತ್ತು ಮಕ್ಕಳ ಜೊತೆ ಕೂರೋಣ. ಗೋಹಾನನಿಗೆ ಆಗ ಹೆದರಿಕೆ ಆಗಿತ್ತೇನೋ ಎಂದು ಕನ್ನಡದಲ್ಲೇ ಕೇಳೋಣ. ಮಾದಪ್ಪನ ಪವಾಡವನ್ನು ಆಮೇಲೆ ಹೇಳಿದರಾಯಿತು. ರಾಗಿ ಬೀಸಿ ಕೈ ನೊಂದ ಹುಡುಗನ ಕಥೆಯನ್ನು ಮೊದಲು ಹೇಳೋಣ. ಮಗು ತನ್ನ ಶಾಲೆಯ ಸುದ್ದಿಯನ್ನು ಬಿಚ್ಚಿ ಹೇಳಲು ಅಷ್ಟು ಸಾಕಾದೀತು.