ಪ್ರಾಸಕ್ಕೆ ಪಂಕ್ತಿಭೇದವಿಲ್ಲ

ಇಂಗ್ಲಿಷಿನ ಕೆಲವು ಪುಟ್ಟ ಪದಗಳನ್ನು ಅರ್ಥದ ಗೊಡವೆ ಬಿಟ್ಟು, ಬರೀ ಬಾಯಿಯ ಸುಖಕ್ಕೆಂದು ಹೇಳಿ ನೋಡಬೇಕು. ನಾಬ್, ಮಾಬ್, ಸ್ನಾಬ್, ಯಾಬ್, ಜಾಬ್. ಬಾಯಿ ‘ಆ’ ಎಂದು ತೆರೆದು ಇನ್ನೇನು ಮಾತು ಹೊರಡಬೇಕು, ಅಷ್ಟರಲ್ಲಿ ತುಟಿಗಳೆರಡೂ ಕೂಡಿಬಿಡುತ್ತವೆ. ಡಬ್ಬಿಯ ಮುಚ್ಚಳ ಬಿದ್ದ ಹಾಗೆ. ಕನ್ನಡದ ನಾಲಿಗೆ ಇಷ್ಟು ಬೇಗ ಬಾಗಿಲು ಹಾಕುವುದಿಲ್ಲ. ಬಲ್ಬ್ ಬಲ್ಬಾಗಿ ಬಂದರೂ ನಾವು ಅದಕ್ಕೊಂದು ಉಕಾರ ಕೊಟ್ಟು ‘ಬಲ್ಬು’ ಮಾಡಿ, ಬಾಗಿಲ ತನಕ ಹೋಗಿ ಬೀಳ್ಕೊಡುವ ಜನ.

ಪ್ರಾಸದಲ್ಲೂ ದಾರಿ ಬೇರೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಕಟ್ಟಿದರು. ಇಂಗ್ಲಿಷಿನವರು ಬಾಲಕ್ಕೆ ಕಟ್ಟಿದರು. ಮೂರೇ ಅಕ್ಷರದ ಪದದಲ್ಲಿ ಬಾಲವೆಂದರೆ ಹೆಚ್ಚುಕಡಿಮೆ ಇಡೀ ಮೈ. ತಲೆಯ ಮೇಲಿನ ಪೇಟ ಬದಲಾದರೆ ಸಾಕು, ಬೇರೆಯೇ ಮನುಷ್ಯ. ನಿಘಂಟು ಪೇಟ ನೋಡಿ ಜಾಗ ಕೊಡುತ್ತದೆ. ಒಬ್ಬನಿಗೂ ಇನ್ನೊಬ್ಬನಿಗೂ ನಡುವೆ ನೂರಾರು ಪುಟ. ಪ್ರಾಸ ಮಾತ್ರ ಎಲ್ಲರನ್ನೂ ಒಂದೇ ಪಂಕ್ತಿಗೆ ಕರೆಯುತ್ತದೆ. ಈ ‘ಆಬ್’ ಪಂಕ್ತಿಯ ರುಚಿ ಇರುವುದು ಅಲ್ಲಿಯೇ. ಎಲೆ ಮುಂದೆ ಕೂತವರನ್ನು ನೋಡಿದರೆ ಇಂಗ್ಲೆಂಡಿನ ಮೇಲು-ಕೀಳಿನ ಏಣಿಯೇ ಅಡ್ಡ ಮಲಗಿದಂತಿದೆ.

ಮೊದಲ ಎಲೆ ನಾಬ್‌ನದು. ಬೀದಿಮಾತಿನಲ್ಲಿ ಅವನು ದೊಡ್ಡಮನೆಯವ, ಸಿರಿವಂತ. ಅದೇ ಪದಕ್ಕೆ ತಲೆ, ಅಂದರೆ ಬುರುಡೆ ಎಂಬ ಅರ್ಥವೂ ಉಂಟು. ಕಾಗುಣಿತದಲ್ಲಿ ಉಚ್ಚಾರವಿಲ್ಲದ ‘ಕೆ’ ಒಂದು ಮುಂದೆ ಬಂದು ನಿಂತರೆ ಬಾಗಿಲ ಹಿಡಿ. ಕಿವಿಗೆ ಮೂರೂ ಒಂದೇ.

ಪಕ್ಕದಲ್ಲಿ ಮಾಬ್, ಅಂದರೆ ಪುಂಡುಗುಂಪು. ಹುಟ್ಟಿದ್ದು ಮಾತ್ರ ಪಂಡಿತರ ಮನೆಯಲ್ಲಿ. ‘ಮೊಬಿಲೆ ವಲ್ಗಸ್’ ಎಂದರೆ ಲ್ಯಾಟಿನ್‌ನಲ್ಲಿ ಅತ್ತಿತ್ತ ಹೊಯ್ದಾಡುವ ಜನಸ್ತೋಮ. 17ನೇ ಶತಮಾನದ ಇಂಗ್ಲಿಷ್ ನಾಲಿಗೆ ಮೊದಲು ಅದರ ಎರಡನೆಯ ಪದವನ್ನು ಉದುರಿಸಿತು, ಆಮೇಲೆ ಮೊದಲನೆಯದರ ಬಾಲ ಕತ್ತರಿಸಿತು. ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್‌ಗೆ ಇಂಥ ಮೋಟುಪದಗಳನ್ನು ಕಂಡರೆ ಆಗದು. 1710ರ ಒಂದು ಲೇಖನದಲ್ಲಿ ಅವನು ಅಳಲು ತೋಡಿಕೊಂಡ: ಈ ಪದವನ್ನು ತಡೆಯಲು ವರ್ಷಗಟ್ಟಲೆ ಹೆಣಗಿದೆ, ಎದುರು ನಿಂತವರ ಸಂಖ್ಯೆಗೆ ಸೋತೆ ಎಂದು. ಎಂಥ ಸೊಗಸಾದ ಸೋಲು! ಗುಂಪನ್ನು ನಿಘಂಟಿನ ಹೊಸಿಲಲ್ಲಿ ತಡೆಯಹೋದವನನ್ನು ಗುಂಪೇ ತಳ್ಳಿಕೊಂಡು ಒಳಗೆ ನುಗ್ಗಿತು. ಇವತ್ತು ನಮ್ಮ ಜೇಬಿನಲ್ಲಿರುವ ಮೊಬೈಲೂ ಅದೇ ಲ್ಯಾಟಿನ್ ಬೇರಿನದು. ಗುಂಪು ಸೇರಿಸುವ ಕೆಲಸವನ್ನು ಅದೂ ಮರೆತಿಲ್ಲ.

ಪಂಕ್ತಿಯಲ್ಲಿ ನಿಧಾನವಾಗಿ ಸವಿಯಬೇಕಾದವನು ಸ್ನಾಬ್. 18ನೇ ಶತಮಾನದ ಕೊನೆಯಲ್ಲಿ ಅವನು ಮೆಟ್ಟು ಹೊಲಿಯುವವ. ಕೇಂಬ್ರಿಜ್‌ನ ವಿದ್ಯಾರ್ಥಿಗಳ ಬಾಯಲ್ಲಿ, ವಿಶ್ವವಿದ್ಯಾಲಯಕ್ಕೆ ಸೇರದ ಊರಿನವನೆಲ್ಲ ಸ್ನಾಬ್ ಆದ. 1846-47ರಲ್ಲಿ ಕಾದಂಬರಿಕಾರ ಥ್ಯಾಕರೆ ‘ಪಂಚ್’ ಪತ್ರಿಕೆಯಲ್ಲಿ ಸ್ನಾಬ್‌ಗಳ ಮೇಲೆ ವಾರವಾರ ಬರೆದು, ಮೇಲಿನವರ ಮುಂದೆ ಹಲ್ಲುಗಿಂಜುವವನಿಗೆ ಆ ಹೆಸರನ್ನು ಅಂಟಿಸಿಬಿಟ್ಟ. ಈಗಂತೂ ಕೆಳಗಿನವರನ್ನು ಕಂಡು ಮೂಗು ಮುರಿಯುವವನೇ ಸ್ನಾಬ್. ಮೆಟ್ಟು ಹೊಲಿಯುವವನ ಹೆಸರು ಮೆಟ್ಟುವವನ ಹೆಸರಾಯಿತು! ‘ಕುಲೀನತೆ ಇಲ್ಲದವ’ ಎಂಬ ಲ್ಯಾಟಿನ್ ಮಾತಿನಿಂದ ಈ ಪದ ಬಂತೆಂದು ಕಥೆ ಹೇಳುವವರೂ ಇದ್ದಾರೆ. ನಿಘಂಟುಕಾರರು ಅದನ್ನು ಒಪ್ಪುವುದಿಲ್ಲ. ಚಪ್ಪಲಿ ಅಂಗಡಿಯಿಂದ ಬಂದ ಪದಕ್ಕೆ ರೋಮಿನ ವಂಶವೃಕ್ಷ ಹುಡುಕುವುದೂ ಒಂದು ಸ್ನಾಬರಿಯೇ ಸರಿ.

ಎಲೆಗೆ ತಡವಾಗಿ ಬಂದು ಕೂತವನು ಯಾಬ್. 19ನೇ ಶತಮಾನದ ಲಂಡನ್ನಿನಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು-ತರಕಾರಿ ಮಾರುತ್ತಿದ್ದವರು ತಮ್ಮತಮ್ಮಲ್ಲೇ ಪದಗಳನ್ನು ತಿರುಗುಮುರುಗಾಗಿ ಆಡುತ್ತಿದ್ದರು. ಗಿರಾಕಿಗೂ ಪೊಲೀಸನಿಗೂ ಗುಟ್ಟು ತಿಳಿಯಬಾರದು. ನಮ್ಮ ಮಕ್ಕಳು ‘ಕ’ ಭಾಷೆ ಆಡಿ ದೊಡ್ಡವರನ್ನು ಕಂಗೆಡಿಸುವುದಿಲ್ಲವೇ, ಹಾಗೆ. ಅವರ ಬಾಯಲ್ಲಿ ಪೆನ್ನಿ ‘ಯೆನೆಪ್’ ಆಯಿತು, ಬಾಯ್ ‘ಯಾಬ್’ ಆದ. 1859ರಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿ ಅವನು ಬರೀ ಹುಡುಗ, ಅಷ್ಟೆ. ಇಪ್ಪತ್ತನೆಯ ಶತಮಾನದಲ್ಲಿ ಅವನು ಒರಟ, ಪೋಲಿ. ಹುಡುಗನನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ಇನ್ನೇನಾದಾನು?

ಇನ್ನು ಜಾಬ್. 1755ರ ತನ್ನ ಮಹಾನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಕೀಳು ಪದವೆಂದು ಕರೆದು, ಎಲ್ಲಿಂದ ಬಂತೋ ಹೇಳಲಾರೆ ಎಂದು ಕೈಚೆಲ್ಲಿದ. ಆಗ ಅದಕ್ಕಿದ್ದ ಅರ್ಥ ಚಿಲ್ಲರೆ ಕೆಲಸ. ಈಗ ಮಗನ ಇಂಜಿನಿಯರಿಂಗ್ ಮುಗಿದ ಯಾವ ಮನೆಗಾದರೂ ಹೋಗಿ; ಬಂದ ನೆಂಟರೆಲ್ಲ ಮೊದಲು ಕೇಳುವುದು “ಜಾಬ್ ಸಿಕ್ತಾ?” ಎಂದೇ. ಜಾನ್ಸನ್ ಮೂಲೆಗೆ ಕೂರಿಸಿದ ಪದಕ್ಕೆ ನಮ್ಮಲ್ಲಿ ಮಣೆ ಹಾಕಿ ಮರ್ಯಾದೆ.

ಹೀಗೆ ಒಂದು ಪದ ಏರುತ್ತದೆ, ಇನ್ನೊಂದು ಜಾರುತ್ತದೆ, ಮತ್ತೊಂದು ಮಗ್ಗುಲು ಬದಲಿಸುತ್ತದೆ. ಬೀದಿಯ ಮಾತೆಂದು ಒಬ್ಬ ಹೊರಗಿಟ್ಟದ್ದನ್ನು ಮುಂದಿನವನು ಕರೆದು ಒಳಗೆ ಕೂರಿಸುತ್ತಾನೆ. ಅದಕ್ಕೇ ನನಗೆ ಈ ಪಂಕ್ತಿಯ ಕಟ್ಟಕಡೆಯ ಪದ ಎಲ್ಲಕ್ಕಿಂತ ಇಷ್ಟ: ಹಾಬ್‌ನಾಬ್. ತನ್ನೊಳಗೇ ಪ್ರಾಸ ಕಟ್ಟಿಕೊಂಡ ಪದ. ಅದರ ಹಳೆಯ ರೂಪಕ್ಕೆ ‘ಆದರಾಯಿತು, ಇಲ್ಲದಿದ್ದರೆ ಇಲ್ಲ’ ಎಂಬಂಥ ಅರ್ಥವಿತ್ತು. ಮುಂದೆ ಅದು ಎದುರುಬದುರು ಕೂತು ಒಬ್ಬರಿಗೊಬ್ಬರು ಬಟ್ಟಲೆತ್ತಿ ಕುಡಿಯುವವರ ಮಾತಾಯಿತು. ಈಗ ಅದರರ್ಥ ದೊಡ್ಡವರೊಡನೆ ಸಲಿಗೆಯಿಂದ ಬೆರೆಯುವುದು. ಸಹಪಂಕ್ತಿಗೆ ಇಂಗ್ಲಿಷಿನಲ್ಲಿ ಇಷ್ಟು ಹತ್ತಿರದ ಪದ ನನಗೆ ಬೇರೆ ಸಿಕ್ಕಿಲ್ಲ. 1985ರಿಂದ ಬ್ರಿಟನ್ನಿನಲ್ಲಿ ಆ ಹೆಸರಿನ ಓಟ್ಸ್ ಬಿಸ್ಕತ್ತೂ ಇದೆ. ಚಹಾದಲ್ಲಿ ಅದ್ದಿದರೆ ನಾಬ್‌ನ ಬಟ್ಟಲಲ್ಲೂ ಯಾಬ್‌ನ ಬಟ್ಟಲಲ್ಲೂ ಅದು ಒಂದೇ ಥರ ಮೆತ್ತಗಾಗುತ್ತದೆ.