ಖರ್ಚಿನ ಕಾಲಮ್ಮಿಲ್ಲದ ಪಾಸ್‌ಬುಕ್ಕು

ಮುಂಬಯಿಯ ನಮ್ಮ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ‘ಮತ್ತೆ ಊರಿಗೆ ಹೋದಾಗ’ ಎಂಬ ಲೇಖನ ಒಂದಾದರೂ ಇದ್ದೇ ಇರುತ್ತದೆ. ಶೀರ್ಷಿಕೆ ಬೇರೆಯಿರಬಹುದು, ಒಳಗಿನ ಸರಕು ಅದೇ. ಶುಕ್ರವಾರ ರಾತ್ರಿ ಕಾರು ಹೊರಡುತ್ತದೆ. ಕಾಳಿ ನದಿ ದಾಟುತ್ತಲೇ ಲೇಖಕರ ಕಣ್ಣು ಒದ್ದೆಯಾಗುತ್ತದೆ. (2024ರ ಆಗಸ್ಟ್‌ನಲ್ಲಿ ಅಲ್ಲಿನ ಹಳೆಯ ಸೇತುವೆ ಕುಸಿದ ಮೇಲೆ ನನ್ನ ಹೆಂಡತಿ ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾಳೆ, ಅದು ಬೇರೆ ಮಾತು.) ಬಾಲ್ಯದ ಗೆಳೆಯ ಅಪ್ಪಿಕೊಳ್ಳುತ್ತಾನೆ. ಕರಿ ಇಶಾಡ ಮಾವು, ಬಯಲಾಟದ ಚಂಡೆ, ಅಜ್ಜಿ ಕೂರುತ್ತಿದ್ದ ಜಗಲಿ. ಭಾನುವಾರ ತೆಂಗಿನಕಾಯಿ ಚೀಲದೊಂದಿಗೆ ವಾಪಸು. ಇಂಥವನ್ನು ನಾನೂ ಎರಡು ಬರೆದಿದ್ದೇನೆ. ಬ್ಯಾಂಕಿನಲ್ಲಿ ಆಯುಷ್ಯ ಸವೆಸಿದವನ ಭಾಷೆಯಲ್ಲಿ ಹೇಳುವುದಾದರೆ, ಇವೆಲ್ಲ ಬರೀ ಜಮೆ ಇರುವ, ಖರ್ಚಿನ ಕಾಲಮ್ಮೇ ಇಲ್ಲದ ಪಾಸ್‌ಬುಕ್ಕುಗಳು.

ಯಶವಂತ ಚಿತ್ತಾಲರನ್ನು ಮತ್ತೆ ಓದುವಾಗ ಇದು ಹೊಳೆಯಿತು. ಗೋಕರ್ಣದ ಹತ್ತಿರದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಅವರು ಬಾಳಿನ ಬಹುಪಾಲನ್ನು ಮುಂಬಯಿಯಲ್ಲೇ ಕಳೆದು 2014ರಲ್ಲಿ ತೀರಿಕೊಂಡರು. ಹನೇಹಳ್ಳಿ ಮಾತ್ರ ಅವರ ಬರವಣಿಗೆಯನ್ನು ಕೊನೆತನಕ ಬಿಡಲಿಲ್ಲ. ಅವರ ಊರಿಗೆ ಹಲ್ಲುಗಳಿವೆ. ಗಿರೀಶ ಕಾಸರವಳ್ಳಿಯವರು 1981ರಲ್ಲಿ ಸಿನಿಮಾ ಮಾಡಿದ ‘ಮೂರು ದಾರಿಗಳು’ ಕಾದಂಬರಿಯಲ್ಲಿ ಊರ ಬಾಯಿಯೇ ಒಬ್ಬ ಹುಡುಗಿಯ ಬಾಳನ್ನು ನುಂಗುತ್ತದೆ. 1979ರ ‘ಶಿಕಾರಿ’ಯಲ್ಲಿ ಕಂಪನಿಯಿಂದ ಅಮಾನತಾದ ನಾಗಪ್ಪನನ್ನು ಅಳುಕಿಸುವವರಲ್ಲಿ ಊರ ಕಡೆಯ ಶ್ರೀನಿವಾಸನೂ ಒಬ್ಬ. ಪರಸ್ಥಳದಲ್ಲಿ ನಮ್ಮೂರವನು ಸಿಕ್ಕರೆ ಹೋದ ಜೀವ ಬಂತು ಅನ್ನುತ್ತೇವಲ್ಲ, ಇಲ್ಲಿ ನಮ್ಮ ಹಿಂದಿನದು ಗೊತ್ತಿರುವವನು ಅವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲೋಕಲ್ ಟ್ರೇನಿನಲ್ಲಿ ನಿಂತು ಓದಿ ಇದನ್ನು ಆಫೀಸ್ ರಾಜಕಾರಣದ ಕಾದಂಬರಿ ಅಂದುಕೊಂಡಿದ್ದೆ. ನಿವೃತ್ತನಾದ ಮೇಲೆ ಓದಿದರೆ ಊರಿನ ಕಾದಂಬರಿಯಾಗಿ ಕಂಡಿತು.

ಆ ಗುಂಗಿನಲ್ಲೇ ಕಳೆದ ಸಲ ಸೋಮವಾರದ ರಜೆ ಸೇರಿಸಿ ಮೂರು ದಿನಕ್ಕೆ ಹೊರಟೆ. ಮಾದನಗೇರಿಯಲ್ಲಿ ಹೊರಳಿ ಹನೇಹಳ್ಳಿಯನ್ನೂ ನೋಡಿದೆ. ಎಲ್ಲ ಹಳ್ಳಿಗಳಂತೆಯೇ ಇತ್ತು. ಫೋಟೊ ತೆಗೆಯುವಂಥದ್ದೇನೂ ಕಾಣಲಿಲ್ಲ.

ನಮ್ಮೂರು ಇರುವುದು ಅಂಕೋಲೆಯ ಕಡೆ. ನನ್ನ ಎರಡೂ ಲೇಖನಗಳಲ್ಲಿ ಓಡಿ ಬಂದು ಅಪ್ಪಿಕೊಳ್ಳುವ ಗೆಳೆಯ ಅಲ್ಲೇ ಇದ್ದಾನೆ. ಮುರುಗಲ ಶರಬತ್ತು ಕೊಟ್ಟು, ತಣ್ಣಗೆ ಹೇಳಿದ: “ನೀ ಬರದದ್ದು ಓದ್ದೆ ಮಾರಾಯಾ. ನಮ್ಮನೆ ಶರಬತ್ತು ಚಲೋ ಬಂದದೆ. ಗದ್ದೆ ಮಾತು ಬರಲಿಲ್ಲ ಅಲ್ಲ?”

ಗದ್ದೆಯ ಮಾತು ಹೀಗೆ. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಅವನ ಅಪ್ಪ ನಮ್ಮ ಗೇಣಿದಾರರು. ಭೂನ್ಯಾಯಮಂಡಳಿಗೆ ಅರ್ಜಿ ಹಾಕಿದ್ದರೆ ಗದ್ದೆ ಅವರದಾಗುತ್ತಿತ್ತು. ನನ್ನ ತಂದೆ ಅವರನ್ನು ಜಗಲಿಗೆ ಕರೆಸಿ, ತಾನು ಗೇಣಿಯವನಲ್ಲ, ಕೂಲಿಯವನು ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೌದು, ಅದೇ ಅಜ್ಜಿಯ ಜಗಲಿ. ಲಾಟೀನು ಹಿಡಿದು ನಿಂತವನು ನಾನು. ಗದ್ದೆ ಉಳಿಯಿತು, ನನ್ನ ಎಂ.ಕಾಂ.ಗೆ ಅದರ ಭತ್ತವೇ ಫೀಸಾಯಿತು. ಮುಂದೆ ತಂದೆ ಅದನ್ನು ಹೊರಗಿನವರಿಗೆ ಮಾರಿ ಮುಂಬಯಿಗೆ ಬಂದು ನನ್ನ ಜೊತೆಗಿದ್ದರು.

ಚಿತ್ತಾಲರ ಬಗ್ಗೆಯೂ ನನಗೊಂದು ತಕರಾರಿದೆ. ಊರಿನ ಭಯವನ್ನು, ಮನಸ್ಸಿನ ಕತ್ತಲೆಯನ್ನು ಅವರು ಬರೆದಷ್ಟು ಆಳವಾಗಿ ಗದ್ದೆ-ಗೇಣಿಯ ಲೆಕ್ಕವನ್ನು ಬರೆಯಲಿಲ್ಲ ಅನ್ನಿಸುತ್ತದೆ. ಅವರ ಪಾತ್ರಗಳು ಬೆದರುತ್ತವೆ, ಬೆವರುತ್ತವೆ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದು ಮಸುಕಾಗಿಯೇ ಉಳಿಯುತ್ತದೆ. ಆದರೂ ಊರೆಂದರೆ ನಮ್ಮನ್ನು ಬಲ್ಲ ಜನ, ಬಲ್ಲವರೆದುರು ಕೂರುವುದು ಸುಲಭವಲ್ಲ ಎಂಬುದನ್ನು ಅವರಷ್ಟು ಹೇಳಿದವರು ಮುಂಬಯಿ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ. ಸ್ಮರಣ ಸಂಚಿಕೆಯ ನಾವು ಭಾನುವಾರ ಸಂಜೆಯೇ ಕಾರು ಹತ್ತುವುದರಿಂದ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಗೆಳೆಯನಿಗೆ ನಾನೇನೂ ಉತ್ತರ ಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಹೊರಡುವಾಗ ತೆಂಗಿನಕಾಯಿ ಚೀಲವನ್ನು ಡಿಕ್ಕಿಗೆ ತಾನೇ ಎತ್ತಿ ಇಟ್ಟ.

ಮನೆಗೆ ಬಂದು ಹಳೆಯ ಲೇಖನ ತೆಗೆದು ನೋಡಿದೆ. ‘ನಮ್ಮ ಗದ್ದೆಯ ಅಂಚಿನಲ್ಲಿ ನಾನೂ ಅವನೂ ಏಡಿ ಹಿಡಿಯುತ್ತಿದ್ದೆವು’ ಎಂದಿತ್ತು. ‘ನಮ್ಮ’ ಎಂಬುದನ್ನು ಪೆನ್ನಿನಿಂದ ಹೊಡೆದುಹಾಕಿದ್ದೇನೆ. ಆ ಜಾಗಕ್ಕೆ ಏನು ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ.